ನೀವು ಕೇಳಿದ್ರಿ: ರಿಮೋಟಲ್ಲಿ ಕುಸ್ತಿ ಆಡೋ ರೋಬೋಟುಗಳು

ಮಕ್ಕಳ ಆಟಿಕೆ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೇಲಿ ಹೇಳಿದ್ವಿ. ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯ, ಎರಡು ರೋಬೋಟು ಎರಡು ರಿಮೋಟು ಇಟ್ಕೊಂಡು ಒಂದನ್ನೊಂದು ಗುದ್ದಿ ಉರುಳಿಸೋ ಆಟ. ಹಾಗಾಗಿ ಈ ಸಲದ ಪೂರ್ತಿ ಅಂಕಣ ಅದಕ್ಕೇ.

ಪ್ರಶ್ನೆ: ಮಗನಿಗೆ ಏಳು ವರ್ಷ, ಮಗಳಿಗೆ ಹತ್ತು. ಇಬ್ರೂ ಸೇರ್ಕೊಂಡು ಫೈಟಿಂಗ್ ರೋಬೋಟ್ ಬೇಕೇ ಬೇಕು ಅಂತ ಹಟ ಹಿಡಿದಿದಾರೆ. ನೋಡೋಕೆ ಹೋದ್ರೆ ಒಂದು ಡಬ್ಬಿ ಮೇಲೆ 27 ಮೆಗಾಹರ್ಟ್ಸ್ ಅಂತಿದೆ, ಇನ್ನೊಂದ್ರ ಮೇಲೆ 2.4 ಗಿಗಾಹರ್ಟ್ಸ್, ಮತ್ತೊಂದ್ರ ಮೇಲೆ ಇನ್‌ಫ್ರಾರೆಡ್. ನನಗೆ ಒಂದೂ ತಲೆಗೆ ಹೋಗ್ಲಿಲ್ಲ, ಯಾವ್ದು ತಗೊಳ್ಳಲಿ?

ಉತ್ತರ: ಅಮ್ಮ, ನೀವು ಡಬ್ಬಿ ಮೇಲಿನ ಕತ್ತಿ ಗರಗಸದ ಚಿತ್ರ ಬಿಟ್ಟು ಈ ಸಣ್ಣಕ್ಷರ ಓದಿದ್ದೇ ತುಂಬಾ ಒಳ್ಳೇದಾಯ್ತು, ಯಾಕಂದ್ರೆ ಈ ಆಟ ನಡೆಯತ್ತೋ ಇಲ್ವೋ ಅನ್ನೋದು ಅಲ್ಲೇ ತೀರ್ಮಾನ ಆಗೋದು. ಇಬ್ರು ಮಕ್ಕಳು ಒಂದೇ ರೂಮಲ್ಲಿ ಒಂದೇ ಸಮಯಕ್ಕೆ ಆಡ್ತಾರೆ ಅಂದ್ರೆ 2.4 ಗಿಗಾಹರ್ಟ್ಸ್‌ದೇ ತಗೊಳ್ಳಿ, ಎರಡನೇ ಮಾತಿಲ್ಲ.

ಯಾಕೆ ಅಂತ ಹೇಳ್ತೀನಿ. 27 ಮೆಗಾಹರ್ಟ್ಸ್ ಅನ್ನೋದು ಹಳೇ ಕಾಲದಿಂದ ಆಟಿಕೆಗಳಿಗೆ ಬಳಸ್ಕೊಂಡು ಬಂದಿರೋ ರೇಡಿಯೋ. ಅಗ್ಗದ ಆಟಿಕೇಲಿ ಅದು ಒಂದೇ ಫ್ರೀಕ್ವೆನ್ಸಿ ಮೇಲೆ ಕೂತಿರತ್ತೆ, ರೋಬೋಟಿಗೆ ಇದು ನನ್ನ ರಿಮೋಟು ಅನ್ನೋ ಗುರುತೇ ಇರಲ್ಲ. ಒಂದೇ ಫ್ರೀಕ್ವೆನ್ಸಿಯ ಎರಡು ರೋಬೋಟ್ ತಂದ್ರೆ ಒಂದೇ ಹೆಸರಿನ ಇಬ್ರು ಮಕ್ಕಳನ್ನ ಕೂಗಿದ ಹಾಗೆ, ಒಂದು ರಿಮೋಟ್ ಒತ್ತಿದ್ರೆ ಎರಡೂ ಓಡತ್ತೆ, ಇಬ್ರೂ ಒತ್ತಿದ್ರೆ ಎರಡೂ ಗಲಿಬಿಲಿ ಆಗಿ ನಡುಗ್ತಾ ನಿಲ್ಲತ್ತೆ. ಒಂದು 27, ಒಂದು 49 ಮೆಗಾಹರ್ಟ್ಸ್ ಅಂತ ಜೋಡಿ ಮಾಡಿ ಮಾರೋದು ಇದೇ ಕಾರಣಕ್ಕೆ, ಆ ಥರದ ಜೋಡಿ ಆದ್ರೆ ಪರವಾಗಿಲ್ಲ. ಇನ್ನೊಂದು ಗುರುತು ಅಂದ್ರೆ ರಿಮೋಟಿನ ಉದ್ದ ಆಂಟೆನಾ. 27 ಮೆಗಾಹರ್ಟ್ಸ್ ತರಂಗದ ಉದ್ದ ಹನ್ನೊಂದು ಮೀಟರ್, ಅದಕ್ಕೆ ತಂತಿ ಉದ್ದ ಇದ್ದಷ್ಟೂ ಒಳ್ಳೇದು, 2.4 ಗಿಗಾಹರ್ಟ್ಸ್‌ದು ಬರೀ ಹನ್ನೆರಡೂವರೆ ಸೆಂಟಿಮೀಟರ್, ಹಾಗಾಗಿ ಅದರ ಆಂಟೆನಾ ಒಳಗಡೆ ಬೋರ್ಡ್ ಮೇಲೇ ಮುಗಿದುಹೋಗತ್ತೆ.

2.4 ರದ್ದು ವೈಫೈ ಓಡೋ ಜಾಗದಲ್ಲೇ ಓಡೋದು, ಆದ್ರೂ ಅಷ್ಟು ತೊಂದ್ರೆ ಆಗಲ್ಲ. ರಿಮೋಟ್ ಕಳಿಸೋ ಪ್ರತಿ ಮಾತಿನ ಜೊತೆ ತನ್ನ ಗುರುತಿನ ನಂಬರ್ ಸೇರಿಸಿ ಕಳಿಸತ್ತೆ, ಸುಮಾರು ಆಟಿಕೆಗಳು ಚಾನೆಲ್ಲಿಂದ ಚಾನೆಲ್ಲಿಗೆ ಜಿಗೀತಾನೂ ಇರತ್ತೆ. ಒಂದು ಎಚ್ಚರ ಮಾತ್ರ ಬೇಕು. ಎಷ್ಟೋ ಮಾಡೆಲ್‌ಗಳಲ್ಲಿ ಸ್ವಿಚ್ ಹಾಕಿದ ಕೂಡ್ಲೇ ರೋಬೋಟೂ ರಿಮೋಟೂ ಒಂದನ್ನೊಂದು ಹುಡುಕ್ತವೆ, ಲೈಟು ಪಕಪಕ ಅಂತಿರತ್ತೆ. ಆವಾಗ ಎರಡು ಜೋಡಿನೂ ಒಟ್ಟಿಗೆ ಆನ್ ಮಾಡಿದ್ರೆ ತಮ್ಮನ ರಿಮೋಟಿಗೆ ಅಕ್ಕನ ರೋಬೋಟು ಅಂಟ್ಕೊಳ್ಳೋ ಚಾನ್ಸ್ ಇದೆ. ಮೊದ್ಲು ಒಂದು ಜೋಡಿ ಆನ್ ಮಾಡಿ, ಲೈಟ್ ಒಂದೇ ಸಮ ಉರಿಯೋಕೆ ಶುರು ಆದ್ಮೇಲೆ ಇನ್ನೊಂದು ಜೋಡಿ.

ಇನ್‌ಫ್ರಾರೆಡ್ ಅಂದ್ರೆ ಟೀವಿ ರಿಮೋಟ್ ಥರದ್ದೇ ಬೆಳಕು, ಕಣ್ಣಿಗೆ ಕಾಣ್ಸಲ್ಲ ಅಷ್ಟೇ. ನೇರ ಕಾಣೋ ಹಾಗಿರ್ಬೇಕು, ಮಧ್ಯೆ ಕುರ್ಚಿ ಕಾಲು ಬಂದ್ರೂ ತಪ್ಪಿಹೋಗಬಹುದು, ಬಿಸಿಲಲ್ಲಂತೂ ಸರಿಯಾಗಿ ಕೆಲಸ ಮಾಡಲ್ಲ. ಪುಟ್ಟ ಮೇಜಿನ ಮೇಲಿನ ಬಾಕ್ಸಿಂಗ್ ರೋಬೋಟಿಗೆ ಸಾಕು, ಹಾಲ್ ತುಂಬಾ ಓಡಾಡೋದಕ್ಕೆ ಬೇಡ.

ತಗೊಳ್ಳೋ ಮುಂಚೆ ಹಿಂದೆ ತಿರುಗಿಸಿ ಸ್ಕ್ರೂ ಇದ್ಯಾ ಅಂತ ನೋಡಿ. ಪೂರ್ತಿ ಅಂಟು ಹಾಕಿ ಮುಚ್ಚಿರೋದು ಬೇಡ್ವೇ ಬೇಡ. ಗುದ್ದಾಡೋ ಆಟಿಕೆ ಮುರಿಯೋದು ಗ್ಯಾರಂಟಿ, ಬಿಚ್ಚೋಕೆ ಆಗದೇ ಇದ್ರೆ ಅರ್ಧ ಆಟ ನೀವು ಅಂಗಡೀಲೇ ಬಿಟ್ಟು ಬಂದ ಹಾಗೆ.

ಪ್ರಶ್ನೆ: ಅಂಕಲ್, ನನ್ನ ರೋಬೋ ಮುಂದೆ ದೊಡ್ಡ ಚಕ್ರ ಬ್ಲೇಡ್ ಇದೆ, ಗಿರ್ ಅಂತ ಸುತ್ತತ್ತೆ. ನನ್ನ ಫ್ರೆಂಡ್ ಹತ್ರ ಇರೋದಕ್ಕೆ ಬರೀ ಮೊರದ ಥರ ಇಳಿಜಾರು ಇದೆ ಅಷ್ಟೇ. ಆದ್ರೂ ದಿನಾ ಅವನೇ ಗೆಲ್ತಾನೆ. ನಾನು ಗೆಲ್ಲೋದು ಹೇಗೆ?

ಉತ್ತರ: ಪುಟ್ಟ, ನಿನ್ನ ಬ್ಲೇಡ್ ಒಳ್ಳೇದೇ, ಆದ್ರೆ ಅದಕ್ಕೆ ವೇಗ ಬರೋಕೆ ಸ್ವಲ್ಪ ಹೊತ್ತು ಬೇಕು. ವೇಗ ಅರ್ಧ ಇದ್ರೆ ಏಟಿನ ಶಕ್ತಿ ಅರ್ಧ ಇರಲ್ಲ, ಕಾಲು ಭಾಗಕ್ಕೆ ಇಳಿದಿರತ್ತೆ. ನಿನ್ನ ಫ್ರೆಂಡ್ ಏನ್ ಮಾಡ್ತಿರ್ಬೋದು ಅಂದ್ರೆ ಶುರು ಅಂದ ತಕ್ಷಣ ನುಗ್ಗಿ ಬಂದು ನಿನ್ನ ಬ್ಲೇಡ್ ಸ್ಪೀಡ್ ಹಿಡಿಯೋ ಮುಂಚೆನೇ ಮೊರನ ನಿನ್ನ ರೋಬೋ ಅಡಿಗೆ ತೂರಿಸಿ ಎತ್ತಿಬಿಡ್ತಾನೆ. ಚಕ್ರ ನೆಲ ಬಿಟ್ಟ ಮೇಲೆ ಎಷ್ಟು ಒತ್ತಿದ್ರೂ ಉಪಯೋಗ ಇಲ್ಲ ಅಲ್ವಾ. ಹಾಗಾಗಿ ಶುರುವಲ್ಲಿ ನೀನು ಮುಂದೆ ಹೋಗ್ಬೇಡ. ಹಿಂದಕ್ಕೆ ಸರೀತಾ, ಮೂತಿ ಮಾತ್ರ ಯಾವಾಗ್ಲೂ ಅವನ ಕಡೆಗೇ ಇರೋ ಹಾಗೆ ತಿರುಗಿಸ್ತಾ, ಬ್ಲೇಡಿನ ಸದ್ದು ಪೂರ್ತಿ ಮೇಲೆ ಹೋಗೋವರೆಗೂ ಕಾಯಿ. ಆಮೇಲೆ ಅವನ ಮುಂಭಾಗಕ್ಕೆ ಹೋಗ್ಬೇಡ, ಅಲ್ಲಿ ಇಳಿಜಾರಿದೆ, ಬ್ಲೇಡ್ ಜಾರಿಹೋಗತ್ತೆ. ಪಕ್ಕದಿಂದ ಬಾ, ಅವನ ಚಕ್ರ ಇರೋ ಜಾಗಕ್ಕೆ.

ಇದೆಲ್ಲ ಹೇಳೋದು ಸುಲಭ, ಓಡಿಸೋಕೆ ಕೈ ಪಳಗ್ಬೇಕು. ರೋಬೋಟು ನಿನ್ನಿಂದ ಆ ಕಡೆ ಹೋಗೋವಾಗ ಎಡ ಅಂದ್ರೆ ಎಡನೇ, ನಿನ್ನ ಕಡೆ ಮುಖ ಮಾಡಿ ಬರೋವಾಗ ಎಲ್ಲಾ ಉಲ್ಟಾ ಆಗತ್ತೆ ನೋಡಿದೀಯಾ, ಮಕ್ಕಳು ಸೋಲೋದು ಜಾಸ್ತಿ ಅಲ್ಲೇ. ಅದಕ್ಕೆ ಒಂದು ಅಭ್ಯಾಸ ಇದೆ. ನೆಲದ ಮೇಲೆ ಎರಡು ಚಪ್ಪಲಿ ದೂರ ದೂರ ಇಟ್ಟು ಅದರ ಸುತ್ತ ಇಂಗ್ಲಿಷಿನ ಎಂಟರ ಆಕಾರದಲ್ಲಿ ಓಡಿಸು, ಮೊದ್ಲು ನಿಧಾನಕ್ಕೆ, ಚಪ್ಪಲಿಗೆ ತಾಗದ ಹಾಗೆ. ನೀನೇ ರೋಬೋಟ್ ಒಳಗೆ ಕೂತಿದೀಯ, ನಿನ್ನ ಎಡಗೈ ಕಡೆಗೆ ತಿರುಗಿಸ್ತಿದೀಯ ಅಂತ ಮನಸ್ಸಲ್ಲಿ ಅಂದ್ಕೊಂಡು ಓಡಿಸು. ಕೆಲವು ದಿನ ಆದ್ಮೇಲೆ ಯೋಚನೆ ಮಾಡದೇನೇ ಬೆರಳು ಸರಿಯಾದ ಕಡೆ ಹೋಗತ್ತೆ. ಒಂದು ಚಕ್ರ ಮುಂದೆ ಒಂದು ಚಕ್ರ ಹಿಂದೆ ಓಡಿಸಿ ನಿಂತ ಜಾಗದಲ್ಲೇ ತಿರುಗೋದನ್ನೂ ಕಲ್ತುಕೋ, ಅದು ಬಂದ್ರೆ ನಿನ್ನ ಬೆನ್ನು ಯಾರಿಗೂ ಸಿಗಲ್ಲ.

ಇನ್ನೊಂದು ಮಾತು, ಆಡೋ ಮುಂಚೆ ಚಕ್ರದ ರಬ್ಬರನ್ನ ಒದ್ದೆ ಬಟ್ಟೇಲಿ ಒರೆಸು. ಧೂಳು ಕೂತಿದ್ರೆ ನುಣುಪು ನೆಲದಲ್ಲಿ ಬರೀ ಜಾರತ್ತೆ, ತಳ್ಳೋ ಶಕ್ತಿ ಎಲ್ಲಾ ದಂಡ. ಇದನ್ನ ನಿನ್ನ ಫ್ರೆಂಡಿಗೂ ಹೇಳು, ಇಬ್ರದ್ದೂ ಚಕ್ರ ಕಚ್ಚಿ ಹಿಡಿದ್ರೆ ಕುಸ್ತಿ ಇನ್ನೂ ಜೋರಾಗಿರತ್ತೆ.

ಪ್ರಶ್ನೆ: ಮಗಳಿಗೆ ತಂದ ರೋಬೋಟ್ ಕೆಲವೇ ತಿಂಗಳಲ್ಲಿ ಕೆಟ್ಟಿದೆ. ಒಂದು ಕಡೆ ಚಕ್ರ ತಿರುಗಲ್ಲ, ಕಿರ್ ಕಿರ್ ಅಂತ ಸದ್ದು ಮಾತ್ರ ಬರತ್ತೆ, ರಿಮೋಟು ತುಂಬಾ ಹತ್ರ ಹೋದ್ರೆ ಮಾತ್ರ ಕೇಳತ್ತೆ. ತಂದ ಕಡೆ ಕೇಳಿದ್ರೆ ರಿಪೇರಿ ಆಗಲ್ಲ ಬಿಸಾಕಿ ಅಂದ್ರು. ಮಗಳು ಬಿಡ್ತಿಲ್ಲ. ಏನಾದ್ರೂ ಮಾಡ್ಬೋದಾ?

ಉತ್ತರ: ಖಂಡಿತ ಮಾಡ್ಬೋದು ಸರ್, ಬಿಸಾಕಬೇಡಿ, ಮತ್ತೆ ದಯವಿಟ್ಟು ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬಿಚ್ಚಿ. ಮೊದ್ಲು ಸೆಲ್ ತೆಗೆದಿಡಿ. ಸ್ಕ್ರೂ ಬಿಚ್ಚಿದ ಹಾಗೆ ಒಂದು ಹಾಳೆ ಮೇಲೆ ಯಾವ ಮೂಲೇದು ಯಾವುದು ಅಂತ ಅದೇ ಜಾಗದಲ್ಲಿ ಜೋಡಿಸಿಡೋಕೆ ಅವಳಿಗೆ ಹೇಳಿ, ಉದ್ದ ಗಿಡ್ಡ ಬೇರೆ ಬೇರೆ ಇರತ್ತೆ. ಬಿಚ್ಚೋ ಮುಂಚೆ ಒಂದು, ಮೇಲಿನ ಮುಚ್ಚಳ ತೆಗೆದ ತಕ್ಷಣ ಇನ್ನೊಂದು ಫೋಟೋ ತಗೊಂಡ್ಬಿಡಿ, ವೈರುಗಳ ಬಣ್ಣ ಆಮೇಲೆ ನೆನಪಿರಲ್ಲ.

ಕಿರ್ ಕಿರ್ ಸದ್ದು ಬರ್ತಿದೆ ಅಂದ್ರೆ ಮೋಟರ್ ಬದುಕಿದೆ, ಅದು ಸಂತೋಷದ ವಿಷಯ. ಮೋಟರ್ ತಿರುಗ್ತಿದೆ ಆದ್ರೆ ಆ ಶಕ್ತಿ ಚಕ್ರಕ್ಕೆ ತಲುಪ್ತಿಲ್ಲ. ಮೊದ್ಲು ಚಕ್ರದ ಹಿಂದೆ ಆಕ್ಸಲ್, ಅಂದ್ರೆ ಚಕ್ರ ಕೂರೋ ಕಡ್ಡಿ ನೋಡಿ, ಅಲ್ಲಿ ಕೂದಲು ದಾರ ಸುತ್ಕೊಂಡಿದ್ರೆ ಚಿಮಟದಲ್ಲಿ ಎಳೆದು ತೆಗೀರಿ, ನೆಲದ ಮೇಲೆ ಓಡೋ ಆಟಿಕೆಗಳಲ್ಲಿ ಇದೇ ದೊಡ್ಡ ಕಾಟ. ಅದಾದ್ಮೇಲೆ ಗೇರುಗಳು. ಮೋಟರಿನ ತುದೀಲಿ ಇರೋ ಪುಟ್ಟ ಗೇರನ್ನ ಬೆಳಕಿಗೆ ಹಿಡಿದು ನೋಡಿ, ಹಲ್ಲು ಸವೆದು ಒಂದು ಕಡೆ ನುಣ್ಣಗಾಗಿರತ್ತೆ, ಇಲ್ಲಾಂದ್ರೆ ಉದ್ದಕ್ಕೆ ಕೂದಲೆಳೆಯಷ್ಟು ಸೀಳು ಬಿಟ್ಟು ಮೋಟರ್ ಕಡ್ಡಿ ಮೇಲೆ ಸುಮ್ನೆ ಜಾರ್ತಿರತ್ತೆ. ಸೀಳಿದ ಗೇರಿಗೆ ಅಂಟು ಹಾಕಿದ್ರೆ ಬಾಳಿಕೆ ಬರಲ್ಲ. ಹಲ್ಲಿನ ಲೆಕ್ಕ ಮತ್ತೆ ತೂತಿನ ಅಳತೆ ನೋಡ್ಕೊಂಡು ಬೇರೆ ಪ್ಲಾಸ್ಟಿಕ್ ಗೇರ್ ತರಿಸಿ ಒತ್ತಿ ಕೂರಿಸಿ, ಹಳೇ ಕೆಟ್ಟ ಆಟಿಕೆ ಕಾರಿದ್ರೆ ಅದರಲ್ಲೂ ಸಿಗಬಹುದು.

ರಿಮೋಟ್ ಹತ್ರ ಹೋದ್ರೆ ಮಾತ್ರ ಕೇಳೋದಕ್ಕೆ ಮೊದ್ಲು ರಿಮೋಟಿನ ಸೆಲ್ ಬದಲಾಯಿಸಿ ನೋಡಿ. ಆಗ್ಲೂ ಹಾಗೇ ಇದ್ರೆ ಸೆಲ್ ಕೂರೋ ಸ್ಪ್ರಿಂಗ್ ಮೇಲೆ ಬಿಳಿ ಇಲ್ಲಾ ಹಸಿರು ಪುಡಿ ಇದ್ಯಾ ನೋಡಿ. ಆಲ್ಕಲೈನ್ ಸೆಲ್ ಸೋರಿದ್ರೆ ಹಾಗಾಗತ್ತೆ, ಆ ರಸ ಕ್ಷಾರ, ಕೈಗೆ ತಾಗಿಸ್ಕೋಬೇಡಿ, ಮಗಳ ಕೈಲಿ ಇದನ್ನ ಮಾಡಿಸ್ಬೇಡಿ. ವಿನೆಗರ್ ಅದ್ದಿದ ಹತ್ತಿ ಕಡ್ಡೀಲಿ ಒರೆಸಿ, ಆಮೇಲೆ ಸ್ವಲ್ಪ ನೀರಲ್ಲಿ ಒರೆಸಿ ಪೂರ್ತಿ ಒಣಗಿಸಿ. ಅದೂ ಸರಿಯಿದ್ರೆ ಆಂಟೆನಾ ವೈರು ಬೋರ್ಡಿಂದ ಬಿಟ್ಟಿರ್ಬೋದು, ಬೀಳೋ ಏಟಿಗೆ ಬೆಸುಗೆ ಬಿಡೋದು ಮಾಮೂಲಿ. ಕೊನೇದಾಗಿ ಮೋಟರಿನ ಎರಡು ಕಾಲಿಗೆ ಅಡ್ಡಲಾಗಿ 104 ಅಂತ ಬರೆದಿರೋ ಚಿಕ್ಕ ಗುಂಡು ಕೆಪಾಸಿಟರ್ ಇರತ್ತೆ ಸಾಮಾನ್ಯವಾಗಿ. ಮೋಟರ್ ಒಳಗೆ ಕರೆಂಟ್ ದಾಟಿಸೋ ಬ್ರಷ್ ಕಿಡಿ ಹಾರಿಸೋದ್ರಿಂದ ರೇಡಿಯೋಗೆ ಗದ್ದಲ ಆಗತ್ತೆ, ಆ ಗದ್ದಲ ತಡೆಯೋದೇ ಇದರ ಕೆಲಸ. ಅದರ ಒಂದು ಕಾಲು ಮುರಿದ್ರೂ ಸಾಕು, ನಿಂತಿರೋವಾಗ ರಿಮೋಟ್ ಮಾತು ಕೇಳೋ ರೋಬೋಟು ಓಡೋಕೆ ಶುರು ಮಾಡಿದ ಮೇಲೆ ಕೇಳಲ್ಲ. ಬೆಸುಗೆ ಹಾಕೋದು ದೊಡ್ಡವರು, ಕಿಟಕಿ ತೆಗೆದಿಟ್ಟು.

ನಿಮ್ಮ ಮಗಳು ಬಿಡ್ತಿಲ್ಲ ಅಂದ್ರಲ್ಲ, ಅದನ್ನ ಓದಿ ನನಗೆ ತುಂಬಾ ಖುಷಿ ಆಯ್ತು. ದೊಡ್ಡವರು ಆಡೋ ನಿಜವಾದ ರೋಬೋಟ್ ಕಾಳಗದಲ್ಲೂ ಗುದ್ದಾಡೋದು ಮೂರೇ ನಿಮಿಷ ಇರ್ಬೋದು, ಮಿಕ್ಕಿದ್ದೆಲ್ಲಾ ಸ್ಕ್ರೂಡ್ರೈವರ್ ಹಿಡ್ಕೊಂಡು ಕೂರೋದೇ, ಎದುರಾಳಿಗೇ ಸಾಮಾನು ಸಾಲ ಕೊಟ್ಟು ಮುಂದಿನ ಪಂದ್ಯಕ್ಕೆ ರೆಡಿ ಮಾಡಿಸೋದು ಅಲ್ಲಿನ ರೂಢಿ.

ಪ್ರಶ್ನೆ: ರೀಚಾರ್ಜ್ ಸೆಲ್ ಹಾಕಿದ್ರೆ ರೋಬೋಟಿಗೆ ಶಕ್ತಿ ಕಮ್ಮಿ ಅಂತಾರೆ, ನಿಜವಾ? ಇನ್ನೊಂದು ರೋಬೋಟಲ್ಲಿ ಒಳಗೇ ಲಿಥಿಯಂ ಬ್ಯಾಟರಿ ಇದೆ, ಅದು ಸ್ವಲ್ಪ ಉಬ್ಬಿದ ಹಾಗೆ ಕಾಣ್ತಿದೆ.

ಉತ್ತರ: ಎರಡನೇದಕ್ಕೆ ಮೊದ್ಲು ಉತ್ತರ. ಉಬ್ಬಿದ ಲಿಥಿಯಂ ಬ್ಯಾಟರೀನ ಇವತ್ತಿಂದಲೇ ಬಳಸ್ಬೇಡಿ, ಚಾರ್ಜಿಗೆ ಹಾಕ್ಬೇಡಿ, ಚುಚ್ಚಿ ಗಾಳಿ ತೆಗೀತೀನಿ ಅಂತ ಹೋಗ್ಲೇಬೇಡಿ, ಬೆಂಕಿ ಹತ್ಕೊಳ್ಳತ್ತೆ. ಸುಡೋ ವಸ್ತು ಏನೂ ಇಲ್ಲದ ಜಾಗದಲ್ಲಿ ಇಟ್ಟು ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ, ಮನೆ ಕಸದ ಜೊತೆ ಬೇಡ. ಗುದ್ದಾಡೋ ಆಟಿಕೇಲಿ ಬ್ಯಾಟರಿಗೆ ಏಟು ಬೀಳೋದು ಸಹಜ, ಆದ್ರಿಂದ ಹೊಸದು ಹಾಕಿದ ಮೇಲೂ ಆವಾಗಾವಾಗ ಮುಚ್ಚಳ ತೆಗೆದು ನೋಡ್ತಿರಿ. ಆಟ ಮುಗಿದ ಕೂಡ್ಲೇ ಬಿಸಿ ಇರೋವಾಗ್ಲೇ ಚಾರ್ಜಿಗೆ ಚುಚ್ಚೋದು, ಹಾಸಿಗೆ ಮೇಲಿಟ್ಟು ಚಾರ್ಜ್ ಮಾಡೋದು, ರಾತ್ರಿ ಎಲ್ಲಾ ಬಿಟ್ಟು ಮಲಗೋದು, ಮೂರೂ ಬೇಡ. ಅದರ ಜೊತೆ ಬಂದ ಚಾರ್ಜರನ್ನೇ ಬಳಸಿ.

ಇನ್ನು ಸಾದಾ ರೀಚಾರ್ಜ್ ಸೆಲ್ ವಿಷಯ. ಲೆಕ್ಕಕ್ಕೆ ನೋಡಿದ್ರೆ ಆಲ್ಕಲೈನ್ ಸೆಲ್ 1.5 ವೋಲ್ಟು, ನಿಕಲ್ ಮೆಟಲ್ ಹೈಡ್ರೈಡ್ ಸೆಲ್ 1.2 ವೋಲ್ಟು, ನಾಲ್ಕು ಹಾಕಿದ್ರೆ 6 ಮತ್ತೆ 4.8. ಅದಕ್ಕೇ ಶಕ್ತಿ ಕಮ್ಮಿ ಅನ್ನೋ ಮಾತು ಹುಟ್ಟಿರೋದು. ಆದ್ರೆ ಮೋಟರ್ ಜೋರಾಗಿ ಕರೆಂಟ್ ಎಳೆಯೋವಾಗ ಆಲ್ಕಲೈನ್‌ದು ವೋಲ್ಟೇಜ್ ಕುಸಿದುಬಿಡತ್ತೆ, ರೀಚಾರ್ಜ್ ಸೆಲ್ಲಿಂದು ಅಷ್ಟಾಗಿ ಕುಸಿಯಲ್ಲ, ಕೊನೇವರೆಗೂ ಹೆಚ್ಚು ಕಮ್ಮಿ ಒಂದೇ ಸಮ ಓಡತ್ತೆ. ನನ್ನ ಪ್ರಕಾರ ಕುಸ್ತಿ ರೋಬೋಟಿಗೆ ಇದೇ ಸರಿ. ರಿಮೋಟಿಗೆ ಮಾತ್ರ ಆಲ್ಕಲೈನ್ ಹಾಕಿ, ಅದು ಎಳೆಯೋ ಕರೆಂಟೇ ಕಮ್ಮಿ, ತುಂಬಾ ದಿನ ಬರತ್ತೆ. ಹಳೇ ಸೆಲ್ಲು ಹೊಸ ಸೆಲ್ಲು ಬೆರೆಸಿ ಹಾಕ್ಬೇಡಿ, ಹಳೇದು ಮೊದ್ಲು ಖಾಲಿ ಆಗಿ ಸೋರೋದು ಹಾಗೇ.

ಮೋಟರ್ ಅತಿ ಹೆಚ್ಚು ಕರೆಂಟ್ ಎಳೆಯೋದು ಓಡೋವಾಗಲ್ಲ, ಗೋಡೆಗೆ ಒತ್ಕೊಂಡು ಅಲ್ಲಾಡದೇ ನಿಂತಾಗ. ಎರಡು ರೋಬೋಟು ಸಿಕ್ಕಾಕೊಂಡು ನಿಂತ್ರೆ ಬಟನ್ ಬಿಟ್ಟುಬಿಡೋಕೆ ಮಕ್ಕಳಿಗೆ ಕಲಿಸಿ. ಬ್ಯಾಟರಿ, ಮೋಟರು, ಅದನ್ನ ಓಡಿಸೋ ಐಸಿ ಅನ್ನೋ ಪುಟ್ಟ ಚಿಪ್ಪು ಮೂರೂ ಉಳ್ಕೊಳ್ಳತ್ತೆ.

ಪ್ರಶ್ನೆ: ಬಾಕ್ಸಿಂಗ್ ರೋಬೋಟಿಗೆ ತನಗೆ ಏಟು ಬಿತ್ತು ಅಂತ ಗೊತ್ತಾಗೋದು ಹೇಗೆ?

ಉತ್ತರ: ಒಂದೊಂದರಲ್ಲಿ ಒಂದೊಂದು ಥರ. ಕೆಲವಕ್ಕೆ ಎದೆ ತಟ್ಟೆ ಹಿಂದೆ ಪುಟ್ಟ ಸ್ವಿಚ್ ಇರತ್ತೆ, ಮುಷ್ಟಿ ತಾಗಿದ್ರೆ ಅದು ಒತ್ತಿ ಒಂದು ಪಾಯಿಂಟ್ ಲೆಕ್ಕ ಹಾಕ್ಕೊಳ್ಳತ್ತೆ. ಕೆಲವು ಇನ್‌ಫ್ರಾರೆಡ್ ಬೆಳಕಲ್ಲಿ ಗುಂಡು ಹೊಡೆದ ಹಾಗೆ ಆಡತ್ತೆ, ಎದುರಿಗಿರೋದರ ಕಣ್ಣಿಗೆ ಬೆಳಕು ಬಿದ್ರೆ ಏಟು ಅಂತ ಲೆಕ್ಕ, ಆಮೇಲೆ ಅದು ತಾನೇ ಹಿಂದೆ ಸರಿದು ನಡುಗತ್ತೆ. ಚಕ್ರದ ಮೇಲಿನ ರೋಬೋಟುಗಳಲ್ಲಿ ಎಲೆಕ್ಟ್ರಾನಿಕ್ಸೇ ಇಲ್ಲದೇ ಏಟು ಬಿದ್ದ ಕಡೆ ಕವಚದ ತುಂಡು ಕಳಚಿ ಬೀಳೋ ಹಾಗೆ ಕೊಂಡಿ ಇಟ್ಟಿರ್ತಾರೆ, ಮತ್ತೆ ಸಿಗಿಸಿದ್ರೆ ಆಯ್ತು. ನನಗೆ ಹೆಚ್ಚು ಇಷ್ಟ ಆಗೋದು ಇದೇ, ಯಾರು ಗೆದ್ರು ಅಂತ ಮಕ್ಕಳಿಗೆ ಕಣ್ಣಲ್ಲೇ ಕಾಣತ್ತೆ, ಮಷೀನ್ ಮೋಸ ಮಾಡ್ತು ಅನ್ನೋ ವಾದ ಬರಲ್ಲ. ರಿಮೋಟೇ ಇಲ್ಲದ ಕಾಲದಲ್ಲೂ ಹೀಗೇ ಇತ್ತು, 1964ರಲ್ಲಿ ಅಮೆರಿಕದ ಮಾರ್ಕ್ಸ್ ಕಂಪನಿ ತಂದ ಬಾಕ್ಸಿಂಗ್ ರೋಬೋಟ್ ಜೋಡೀಲಿ ಗಲ್ಲಕ್ಕೆ ಸರಿಯಾಗಿ ಏಟು ಬಿದ್ರೆ ತಲೆ ಟಕ್ ಅಂತ ಮೇಲೆ ಹಾರೋದು.

ಪ್ರಶ್ನೆ: ಮೊಮ್ಮಕ್ಕಳು ದಿನಾ ಸಂಜೆ ಹೊಡಿ, ಉರುಳಿಸು, ಮುಗಿಸು ಅಂತ ಕೂಗಾಡ್ತಾ ಈ ರೋಬೋಟಲ್ಲೇ ಮುಳುಗಿರ್ತವೆ. ಇದರಿಂದ ಮಕ್ಕಳು ಜಗಳಗಂಟರಾಗಲ್ವಾ? ಹೇಳಿದ್ರೆ ಅಜ್ಜಿಗೇನು ಗೊತ್ತು ಅಂತಾರೆ.

ಉತ್ತರ: ಅಜ್ಜಿ, ನಿಮ್ಮ ಕಾಳಜಿ ತಪ್ಪಲ್ಲ. ಆದ್ರೆ ಸ್ವಲ್ಪ ಹೊತ್ತು ಅವರ ಪಕ್ಕ ಕೂತು ರೋಬೋಟ್ ಬಿಟ್ಟು ಮಕ್ಕಳ ಮುಖ ನೋಡಿ. ರೋಬೋಟು ಉರುಳಿದಾಗ ಇಬ್ರೂ ನಗ್ತಿದ್ರೆ ಏನೂ ಚಿಂತೆ ಬೇಡ. ಸೋತೋನು ರಿಮೋಟ್ ಎಸೀತಾನೆ, ರೋಬೋಟನ್ನ ಕಾಲಲ್ಲಿ ಒದೀತಾನೆ, ಗೆದ್ದೋನು ದಿನವಿಡೀ ಚುಚ್ಚಿ ಮಾತಾಡ್ತಾನೆ ಅಂದ್ರೆ ಆಗ ತಡೀಬೇಕು, ಅದು ರೋಬೋಟಿನ ಜಗಳ ಅಲ್ಲ, ಮಕ್ಕಳದ್ದೇ.

ತಡೆಯೋಕೆ ಬೈಯೋದಕ್ಕಿಂತ ನೀವೇ ಅಂಪೈರ್ ಆಗಿ ಕೂತ್ಕೊಳ್ಳಿ, ಇದು ನಾನು ಮನಸಾರೆ ಹೇಳೋ ಮಾತು. ಕೈಲಿ ಗಡಿಯಾರ ಇಟ್ಕೊಳ್ಳಿ, ಒಂದು ಸುತ್ತಿಗೆ ಎರಡು ನಿಮಿಷ. ಉರುಳಿ ಬಿದ್ದದ್ದು ನೀವು ಹತ್ತು ಎಣಿಸೋದರೊಳಗೆ ಏಳದಿದ್ರೆ ಸೋತ ಹಾಗೆ. ಆಟ ನಡೀತಿರೋವಾಗ ಯಾರೂ ಕೈ ಹಾಕೋ ಹಾಗಿಲ್ಲ, ಹಾಕಿದ್ರೆ ಆ ಸುತ್ತು ಎದುರಿನವರದ್ದು. ಮುಖ್ಯವಾಗಿ ಪ್ರತಿ ಸುತ್ತು ಮುಗಿದ ಮೇಲೆ ರೋಬೋಟು ಅದಲು ಬದಲು ಮಾಡಿಸಿ. ಅವಳದ್ದು ಚೆನ್ನಾಗಿದೆ ಅದಕ್ಕೇ ಗೆದ್ಲು ಅನ್ನೋ ದೂರು ಅಲ್ಲಿಗೆ ನಿಲ್ಲತ್ತೆ, ಇನ್ನೊಬ್ರ ರೋಬೋಟನ್ನ ಹಾಳು ಮಾಡೋ ಆಸೆನೂ ಕಮ್ಮಿ ಆಗತ್ತೆ, ಮುಂದಿನ ಸುತ್ತಿಗೆ ಅದು ತನ್ನ ಕೈಗೇ ಬರೋದಲ್ವಾ.

ಪ್ರಶ್ನೆ: ಮನೇಲಿ ಒಂದೂವರೆ ವರ್ಷದ ಮಗುನೂ ಇದೆ. ದೊಡ್ಡವನು ಈ ರೋಬೋಟಲ್ಲಿ ಆಡೋದ್ರಿಂದ ತೊಂದ್ರೆ ಇದ್ಯಾ?

ಉತ್ತರ: ಇದೆ. ಕಳಚಿ ಬೀಳೋ ಕವಚದ ಚೂರು, ಸ್ಕ್ರೂ, ರಬ್ಬರ್ ಟೈರ್ ಎಲ್ಲಾ ನೇರ ಬಾಯಿಗೆ ಹೋಗತ್ತೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆ ಮಾಡೋಕೆ ಸುಮಾರು 32 ಮಿಲಿಮೀಟರ್ ಅಗಲದ ಒಂದು ಕೊಳವೆ ಬಳಸ್ತಾರೆ, ಅದರೊಳಗೆ ಪೂರ್ತಿ ಕೂರೋ ಯಾವ ಚೂರೂ ಅಪಾಯ ಅಂತ ಲೆಕ್ಕ. ಕುಸ್ತಿ ಮೇಜಿನ ಮೇಲೇ ನಡೀಲಿ, ಸುತ್ತ ರಟ್ಟಿನ ಗೋಡೆ ಇರ್ಲಿ, ಮುಗಿದ ಮೇಲೆ ಚೂರು ಎಣಿಸಿ ಡಬ್ಬಿಗೆ ಹಾಕೋದು ದೊಡ್ಡವನ ಕೆಲಸ.

ಎಲ್ಲಕ್ಕಿಂತ ಕೆಟ್ಟದ್ದು ಬಟನ್ ಸೆಲ್. ಕೆಲವು ರಿಮೋಟಲ್ಲಿ ಅದೇ ಇರತ್ತೆ. ನುಂಗಿದ್ರೆ ಅನ್ನನಾಳದಲ್ಲಿ ಸಿಕ್ಕಾಕೊಂಡು ಎರಡೇ ಗಂಟೇಲಿ ಸುಟ್ಟ ಗಾಯ ಮಾಡಬಲ್ಲದು. ಮುಚ್ಚಳಕ್ಕೆ ಸ್ಕ್ರೂ ಇಲ್ಲದ ರಿಮೋಟನ್ನ ಆ ಮನೆಗೆ ತರಲೇಬೇಡಿ. ನುಂಗಿರ್ಬೋದು ಅಂತ ಅನುಮಾನ ಬಂದ್ರೂ ಸಾಕು, ಕಾಯಬೇಡಿ, ವಾಂತಿ ಮಾಡಿಸ್ಬೇಡಿ, ನೇರ ಆಸ್ಪತ್ರೆ.

ಪ್ರಶ್ನೆ: ನನಗೆ 13 ವರ್ಷ. ಆಟಿಕೆ ಸಾಕು ಅನ್ನಿಸ್ತಿದೆ, ನಾನೇ ಕಾಳಗದ ರೋಬೋಟ್ ಮಾಡ್ಬೇಕು. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಶಭಾಷ್! ಈ ಕಾಳಗ ಕ್ರೀಡೆಯಾಗಿ ಬೆಳೆದಿದ್ದು 1994ರಲ್ಲಿ, ಮಾರ್ಕ್ ಥಾರ್ಪ್ ಅನ್ನೋರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಂದ್ಯ ನಡೆಸಿದ ಮೇಲೆ. ಟೀವೀಲಿ ಕಾಣೋ ದೊಡ್ಡ ರೋಬೋಟುಗಳು ನೂರು ಕಿಲೋಗೂ ಮೇಲೆ ತೂಗ್ತವೆ, ಅದನ್ನ ನೋಡಿ ಹೆದರ್ಬೇಡ, 150 ಗ್ರಾಮಿನ ವರ್ಗನೂ ಇದೆ, ಅಂಗೈ ಮೇಲೆ ಕೂರೋ ಅಷ್ಟು. ಅಲ್ಲಿಂದ ಶುರು ಮಾಡು.

ಮೊದಲ ರೋಬೋಟಿಗೆ ಸುತ್ತೋ ಬ್ಲೇಡ್ ಬೇಡ. ಎರಡು ಸಣ್ಣ ಗೇರ್ ಮೋಟರ್, ಎರಡು ಚಕ್ರ, ನೆಲಕ್ಕೆ ಒರೆಸ್ಕೊಂಡು ಹೋಗೋ ಹಾಗೆ ಮುಂದೆ ಒಂದು ಇಳಿಜಾರು ತಟ್ಟೆ, ಇಷ್ಟೇ ಸಾಕು. ಭಾರ ಎಲ್ಲಾ ಕೆಳಗಿರ್ಲಿ, ಆದಷ್ಟು ಚಕ್ರದ ಮೇಲೆ ಬೀಳೋ ಹಾಗೆ. ಚಕ್ರಗಳು ಮೈಗಿಂತ ಎತ್ತರ ಇದ್ರೆ ತಲೆಕೆಳಗಾದ್ರೂ ಓಡತ್ತೆ. ನಿನ್ನ ಹಳೇ ಆಟಿಕೆಯ ಮೋಟರು ಗೇರು ಬಿಚ್ಚಿ ಇದಕ್ಕೆ ಬಳಸ್ಕೋ, ತೂಕ ಮಾತ್ರ ಒಂದೊಂದನ್ನೂ ಅಡುಗೆ ಮನೆ ತಕ್ಕಡೀಲಿ ಹಾಕಿ ಬರೆದಿಟ್ಕೋ, 150 ಗ್ರಾಂ ಅನ್ನೋದು ಎಷ್ಟು ಬೇಗ ಖರ್ಚಾಗತ್ತೆ ಅಂತ ಗೊತ್ತಾಗತ್ತೆ.

ರಿಮೋಟ್ ಸಿಗ್ನಲ್ ಹೋದ ತಕ್ಷಣ ರೋಬೋಟು ತಾನೇ ನಿಲ್ಲಬೇಕು, ಇದು ಎಷ್ಟು ಸಣ್ಣ ರೋಬೋಟಿಗೂ ತಪ್ಪದ ನಿಯಮ. ಚಕ್ರ ನೆಲಕ್ಕೆ ತಾಗದ ಹಾಗೆ ಒಂದು ಡಬ್ಬಿ ಮೇಲೆ ಕೂರಿಸಿ, ಓಡ್ತಿರೋವಾಗ ರಿಮೋಟ್ ಆಫ್ ಮಾಡಿ ನೋಡು. ನಿಲ್ಲದಿದ್ರೆ ಅದನ್ನ ಸರಿ ಮಾಡೋವರೆಗೂ ನೆಲಕ್ಕೆ ಬಿಡ್ಬೇಡ. ಬ್ಯಾಟರಿ ಜೋಡಿಸೋವಾಗ, ಬೆಸುಗೆ ಹಾಕೋವಾಗ ದೊಡ್ಡವರು ಪಕ್ಕದಲ್ಲಿರ್ಲಿ, ಕಣ್ಣಿಗೆ ಕನ್ನಡಕ ಇರ್ಲಿ. ಮಾಡಿ ಆದ್ಮೇಲೆ ಬರೆದು ಕಳಿಸು, ತೂಕ ಎಷ್ಟು ಬಂತು ಅಂತ ತಪ್ಪದೇ ತಿಳಿಸು.